ಲಕ್ಷ ದಾಟಿದ ಕಾರಿನ ಗೇರ್ ಆಯಿಲ್: ಮಲೆನಾಡಿನವರಿಗೆ ಸಿಗುವ ಮೂರು ಬಗೆಯ ಸರ್ವಿಸ್‌ಗಳ ವಿಮರ್ಶೆ

ಎಂಜಿನ್ ಆಯಿಲ್ ವಿಷಯದಲ್ಲಿ ಹೆಚ್ಚಿನವರು ತಪ್ಪುವುದಿಲ್ಲ. ಹತ್ತು ಸಾವಿರ ಕಿಲೋಮೀಟರ್ ಆಗುತ್ತಲೇ ಗಾಡಿ ಸರ್ವಿಸ್‌ಗೆ ಬರುತ್ತದೆ. ಅದೇ ಕಾರಿನ ಗೇರ್ ಬಾಕ್ಸಿನಲ್ಲಿ ಮಾತ್ರ ಕಾರ್ಖಾನೆಯವರು ತುಂಬಿದ ಆಯಿಲ್ಲೇ ಒಂದೂವರೆ ಲಕ್ಷ ಕಿಲೋಮೀಟರ್ ಓಡಿರುತ್ತದೆ. ವಿಚಾರಿಸಿದರೆ ‘ಅದು ಲೈಫ್‌ಟೈಮ್ ಆಯಿಲ್, ಮುಟ್ಟುವುದೇ ಬೇಡ’ ಎನ್ನುವವರು ಕೆಲವರು. ‘ಇಷ್ಟು ಓಡಿದ ಮೇಲೆ ಹೊಸದು ಹಾಕಿದರೆ ಇರುವ ಗೇರ್ ಬಾಕ್ಸೂ ಹೋಗುತ್ತದೆ’ ಎಂದು ಹೆದರಿಸುವವರು ಇನ್ನು ಕೆಲವರು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸುತ್ತಿನವರಿಗೆ ಈ ಕೆಲಸಕ್ಕೆ ಮೂರು ದಾರಿಗಳಿವೆ: ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್, ಆಟೋ ಕಾಂಪ್ಲೆಕ್ಸಿನಂಥ ಕಡೆಯ ಖಾಸಗಿ ಗ್ಯಾರೇಜಿನಲ್ಲಿ ಇಳಿಸಿ ತುಂಬಿಸುವುದು, ದೊಡ್ಡ ವರ್ಕ್‌ಶಾಪ್‌ಗಳ ಮೆಷಿನ್ ಫ್ಲಶ್, ಅಂದರೆ ಯಂತ್ರ ಜೋಡಿಸಿ ಹಳೆ ಆಯಿಲನ್ನು ಪೂರ್ತಿ ಹೊರಹಾಕುವುದು. ಮೂರನ್ನೂ ತೂಗಿ ನೋಡಿದ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹೆಚ್ಚು ಓಡಿದ, ಒಮ್ಮೆಯೂ ಆಯಿಲ್ ಬದಲಿಸದ ಕಾರಿಗೆ ಸರಿಯಾದದ್ದು ಎರಡನೆಯದು. ಆಟೋಮ್ಯಾಟಿಕ್ ಆದರೆ ಅದನ್ನೂ ಒಂದೇ ದಿನದಲ್ಲಿ ಮುಗಿಸದೆ ಕಂತು ಕಂತಾಗಿ ಮಾಡಿಸಬೇಕು. ಯಾವಾಗ ಎಂಬುದನ್ನು ಮೀಟರ್ ಒಂದನ್ನೇ ನೋಡಿ ನಿರ್ಧರಿಸುವಂತಿಲ್ಲ. ಗಾಡಿ ಎಷ್ಟು ಘಟ್ಟ ಹತ್ತಿದೆ, ಎಷ್ಟು ಮಳೆಗಾಲ ಕಂಡಿದೆ ಎಂಬ ಲೆಕ್ಕವೂ ಅಷ್ಟೇ ಮುಖ್ಯ.

ಘಟ್ಟ ಮತ್ತು ನೀರು

ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಅಂತರಗಳಿರುತ್ತವೆ. ಒಂದು ಸಾಧಾರಣ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಗುಡ್ಡದ ರಸ್ತೆ, ಭಾರದ ಸಾಗಣೆ, ಧೂಳು, ಪದೇ ಪದೇ ಸಣ್ಣ ದೂರದ ಓಡಾಟ ಇವೆಲ್ಲ ಕಠಿಣ ಬಳಕೆಯ ಪಟ್ಟಿಯಲ್ಲಿವೆ. ತೋಟದ ಮನೆಯಿಂದ ಪೇಟೆಗೆ, ಪೇಟೆಯಿಂದ ಘಟ್ಟ ಇಳಿದು ಉಡುಪಿಗೋ ಕುಂದಾಪುರಕ್ಕೋ ಹೋಗಿ ಬರುವ ಕಾರಿಗೆ ಈ ಎರಡನೆಯ ಅಂತರವೇ ಅನ್ವಯ. ಸರ್ವಿಸ್ ಕೌಂಟರ್‌ನಲ್ಲಿ ಹೇಳುವುದು ಮಾತ್ರ ಹೆಚ್ಚಾಗಿ ಮೊದಲನೆಯದನ್ನು.

ಆಗುಂಬೆ ಘಾಟಿಯನ್ನೇ ನೋಡಿ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಉದ್ದಕ್ಕೂ ಒಂದು, ಎರಡನೇ ಗೇರ್, ಕಡಿಮೆ ವೇಗ, ಹೆಚ್ಚು ಎಕ್ಸಲರೇಟರ್. ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇಂಥಲ್ಲಿ ಲಾಕ್ ಆಗದೆ ಆಯಿಲನ್ನು ಕಡೆಯುತ್ತಲೇ ಇರುತ್ತದೆ, ಆ ಕಡೆತವೆಲ್ಲ ಶಾಖವಾಗುತ್ತದೆ. ಹುಲಿಕಲ್ ಘಾಟಿಯಲ್ಲೂ ಇದೇ ಕಥೆ. ಆಯಿಲ್‌ನ ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಅದು ಆಮ್ಲಜನಕದೊಂದಿಗೆ ಸೇರಿ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಮೆಕ್ಯಾನಿಕಲ್ ವಲಯದ ಹಳೆಯ ಅಂದಾಜು. ಹಾಗಾಗಿ ಹರಿಹರದ ಬಯಲು ರಸ್ತೆಯಲ್ಲಿ ಓಡಿದ 80 ಸಾವಿರವೂ ಘಟ್ಟದಲ್ಲಿ ಓಡಿದ 80 ಸಾವಿರವೂ ಗೇರ್ ಆಯಿಲ್ ಮಟ್ಟಿಗೆ ಒಂದೇ ಅಲ್ಲ.

ನೀರಿನ ವಿಷಯವನ್ನು ಇನ್ನೂ ಕಡಿಮೆ ಜನ ಲೆಕ್ಕಕ್ಕೆ ಹಿಡಿಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಹಳ್ಳ ಉಕ್ಕಿದಾಗ ಮೋರಿಯ ಮೇಲಿನ ನೀರಿನಲ್ಲೇ ಗಾಡಿ ದಾಟಿಸುವುದು ಇಲ್ಲಿ ವಾಡಿಕೆ. ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಉಸಿರಾಟದ ತೂತಿರುತ್ತದೆ. ಕಾದ ಗೇರ್ ಬಾಕ್ಸ್ ತಣ್ಣೀರಿನಲ್ಲಿ ದಿಢೀರನೆ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆ ಎಳೆತಕ್ಕೆ ಬ್ರೀದರ್ ಮೂಲಕವೋ ಸವೆದ ಆಕ್ಸಲ್ ಸೀಲ್ ಮೂಲಕವೋ ನೀರು ಒಳಕ್ಕೆ ಬರುತ್ತದೆ. ಅಂಥ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಮ್ಯಾನುಯಲ್ ಗೇರ್ ಬಾಕ್ಸಿನಲ್ಲಿ ಇದರಿಂದ ಬೇರಿಂಗ್ ತುಕ್ಕು ಹಿಡಿದು ‘ಗೊಂಯ್’ ಎಂಬ ಸದ್ದು ಶುರುವಾಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಹಾನಿ ಇನ್ನೂ ದೊಡ್ಡದು: ಕ್ಲಚ್ ಪ್ಲೇಟಿನ ಘರ್ಷಣೆ ಪದರವನ್ನು ಅಂಟಿಸಿದ ಅಂಟು ನೀರಿಗೆ ಸಡಿಲವಾಗಿ ಪದರವೇ ಕಳಚಿಕೊಳ್ಳುತ್ತದೆ. ಚಕ್ರದ ಹಬ್ ಮುಳುಗುವಷ್ಟು ನೀರಿನಲ್ಲಿ ಗಾಡಿ ಹೋಗಿದ್ದರೆ ಮೀಟರ್ ಎಷ್ಟೇ ಇರಲಿ, ಅದೇ ವಾರ ಆಯಿಲ್ ನೋಡಿಸಬೇಕು.

ಮ್ಯಾನುಯಲ್ ಗಾಡಿಯಲ್ಲಿ ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಗಾಡಿಯನ್ನು ರಾತ್ರಿಯಿಡೀ ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಡ್ರೈನ್ ಬೋಲ್ಟನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಆಯಿಲ್‌ಗಿಂತ ನೀರು ಭಾರ, ಆದ್ದರಿಂದ ಒಳಗೆ ನೀರಿದ್ದರೆ ಮೊದಲು ತೊಟ್ಟಿಕ್ಕುವುದು ಅದೇ.

ನಮ್ಮ ಲೆಕ್ಕದಲ್ಲಿ ಮಲೆನಾಡಿನ ಓಡಾಟಕ್ಕೆ ಮ್ಯಾನುಯಲ್ ಗೇರ್ ಬಾಕ್ಸಿಗೆ 40ರಿಂದ 50 ಸಾವಿರ ಕಿಲೋಮೀಟರ್ ಅಥವಾ ಮೂರು ಮಳೆಗಾಲ, ಯಾವುದು ಮೊದಲೋ ಅದು. ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್‌ಗೂ, ಗೇರಿನ ಬದಲು ಬೆಲ್ಟ್ ಮತ್ತು ಪುಲ್ಲಿಯಲ್ಲಿ ನಡೆಯುವ ಸಿವಿಟಿಗೂ 40 ಸಾವಿರ. ಲೈಫ್‌ಟೈಮ್ ಎಂದು ಬರೆದ ಗೇರ್ ಬಾಕ್ಸುಗಳ ಬಗ್ಗೆ ಒಂದು ಮಾತು ನೆನಪಿಡಿ: ದೊಡ್ಡ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ, ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಗೇರ್ ಬಾಕ್ಸ್ ಮಾಡಿದವರ ಈ ಮಾತಿಗೆ ಕಾರು ಮಾರುವವರ ‘ಲೈಫ್‌ಟೈಮ್’ಗಿಂತ ಹೆಚ್ಚು ಬೆಲೆ ಕೊಡಬೇಕು.

ಗ್ಯಾರೇಜಿಗೆ ಹೋಗುವ ಮೊದಲು

ಗೇರ್ ಬಿಗಿ ಎಂದ ತಕ್ಷಣ ಆಯಿಲ್ ಕಡೆ ಬೆರಳು ತೋರಿಸಬೇಡಿ. ಎಂಜಿನ್ ಆಫ್ ಮಾಡಿ ಐದೂ ಗೇರ್ ಹಾಕಿ ನೋಡಿ. ಎಂಜಿನ್ ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಆನ್ ಇದ್ದಾಗ ಬಿಗಿಯಾದರೆ, ರಿವರ್ಸ್ ಹಾಕುವಾಗ ಕಟಕಟ ಎಂದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಆ ರೋಗಕ್ಕೆ ಎಷ್ಟು ದುಬಾರಿ ಆಯಿಲ್ ಹಾಕಿದರೂ ಗುಣವಿಲ್ಲ. ಬೆಳಗಿನ ಚಳಿಯಲ್ಲಿ ಮೊದಲ ಎರಡು ಕಿಲೋಮೀಟರ್ ಮಾತ್ರ ಎರಡನೇ ಗೇರ್ ಬಿಗಿಯಿದ್ದು, ಗಾಡಿ ಕಾದ ಮೇಲೆ ಸರಿಹೋದರೆ ಅದು ಆಯಿಲ್‌ನ ದೂರು. ಕಾದಷ್ಟೂ ಕೆರೆಯುವುದು ಹೆಚ್ಚಾದರೆ, ಗೇರ್ ಬೀಳುವಾಗ ವೇಗ ಸರಿಹೊಂದಿಸುವ ಸಿಂಕ್ರೊ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಹೊಸ ಆಯಿಲ್ ಆಗ ಸ್ವಲ್ಪ ನೆಮ್ಮದಿ ಕೊಡಬಹುದು, ರಿಂಗನ್ನು ಮರಳಿ ಕೊಡಲಾರದು.

ಆಟೋಮ್ಯಾಟಿಕ್‌ನಲ್ಲಿ ಮೂರು ಲಕ್ಷಣ ಗಮನಿಸಿ. ಒಂದು, 50ರಿಂದ 80ರ ವೇಗದಲ್ಲಿ ಎಕ್ಸಲರೇಟರ್ ಹಗುರಾಗಿ ಒತ್ತಿದಾಗ ಉಬ್ಬುಪಟ್ಟಿಗಳ ಮೇಲೆ ಓಡಿದಂತೆ ಗಡಗಡ ನಡುಕ. ಇದು ಕನ್ವರ್ಟರ್ ಲಾಕ್ ಆಗುವ ಕ್ಲಚ್ಚಿನದು. ಆಯಿಲ್‌ನಲ್ಲಿರುವ ಘರ್ಷಣೆ ನಿಯಂತ್ರಕ ಅಂಶ ಮುಗಿದಾಗ ಬರುತ್ತದೆ, ಬೇಗ ಹಿಡಿದರೆ ಹೊಸ ಆಯಿಲ್‌ನಲ್ಲೇ ಹೋಗುವುದುಂಟು. ಎರಡು, ಪಾರ್ಕಿನಿಂದ ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಗಾಡಿ ಹಿಡಿತಕ್ಕೆ ಬರಲು ಎರಡು ಸೆಕೆಂಡಿಗಿಂತ ಹೆಚ್ಚು ತಡ. ಮೂರು, ಗೇರ್ ಬದಲಾಗುವ ನಡುವೆ ಎಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿರುವುದು, ಅಂದರೆ ಜಾರುವುದು. ಈ ಮೂರನೆಯದು ಘಟ್ಟ ಹತ್ತುವಾಗ, ಆಯಿಲ್ ಕಾದಾಗಲೇ ಬಂದರೆ ಕ್ಲಚ್ ಪ್ಲೇಟುಗಳು ಸವೆಯತೊಡಗಿವೆ ಎಂದೇ ಭಾವಿಸಿ.

ಹಳೆಯ ಕಾರಿಗೆ ಹೊಸ ಆಯಿಲ್ ಹಾಕಿದರೆ ಗೇರ್ ಬಾಕ್ಸ್ ಹೋಗುತ್ತದೆ ಎಂಬ ಮಾತು ಹುಟ್ಟಿದ್ದು ಈ ಕೊನೆಯ ಹಂತದ ಗಾಡಿಗಳಿಂದ. ಸವೆದ ಪ್ಲೇಟಿನ ಪುಡಿ ಹಳೆ ಆಯಿಲ್‌ನಲ್ಲಿ ತೇಲುತ್ತ ಒಂದಿಷ್ಟು ಹಿಡಿತ ಕೊಡುತ್ತಿರುತ್ತದೆ. ಪುಡಿಯ ಸಮೇತ ಆಯಿಲ್ ಹೊರಗೆ ಹೋದಾಗ ಇದ್ದ ಹಿಡಿತವೂ ಹೋಗುತ್ತದೆ. ಜೊತೆಗೆ ಹೊಸ ಆಯಿಲ್‌ನ ತೊಳೆಯುವ ಗುಣ ಒಳಗೋಡೆಯ ಅಂಟನ್ನು ಕಿತ್ತು, ಆ ಚೂರು, ಆಯಿಲ್ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಸಾಯುತ್ತಿದ್ದ ಗೇರ್ ಬಾಕ್ಸ್ ಸತ್ತ ದಿನ ಆಯಿಲ್ ಹಾಕಿದ ದಿನವೇ ಆಗಿದ್ದರಿಂದ ಅಪವಾದ ಆಯಿಲ್‌ಗೆ ಬಂತು. ಗೇರ್ ಸರಿಯಾಗಿ ಬೀಳುತ್ತಿರುವ ಗಾಡಿಗೆ ಈ ಭಯ ಬೇಕಿಲ್ಲ. ಆಯಿಲ್ ಸುಟ್ಟ ವಾಸನೆ ಬರುತ್ತಿದ್ದು, ಕಪ್ಪಾಗಿದ್ದು, ಗಾಡಿ ಜಾರುತ್ತಲೂ ಇದ್ದರೆ ಆಯಿಲ್‌ಗೆ ಹಣ ಹಾಕಬೇಡಿ. ಮೊದಲು ಗೇರ್ ಬಾಕ್ಸ್ ಬಿಚ್ಚುವ ಅನುಭವವಿರುವವರಿಂದ ಪರೀಕ್ಷೆ ಮಾಡಿಸಿ.

ಬಣ್ಣ ನೋಡಲು ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಡಿ. ಎಟಿಎಫ್ ಎಂದರೆ ಆಟೋಮ್ಯಾಟಿಕ್‌ನ ಆಯಿಲ್, ಹೊಸದರಲ್ಲಿ ಹೆಚ್ಚಾಗಿ ಕೆಂಪು. ಕಂದು ಬಣ್ಣಕ್ಕೆ ಬಂದರೆ ಬದಲಿಸುವ ಕಾಲ. ಹನಿ ಹರಡದೆ ನಡುವೆ ಕಪ್ಪು ಕಣಗಳ ಚುಕ್ಕೆ ಉಳಿದರೆ ಕಾಲ ಮೀರಿದೆ. ಆದರೆ ಬಣ್ಣವೊಂದನ್ನೇ ನಂಬುವಂತಿಲ್ಲ, ಕೆಲವು ಎಟಿಎಫ್ ಕೆಡುವ ಮೊದಲೇ ಮಬ್ಬಾಗುತ್ತವೆ. ಮೂಗಿಗೆ ಹೆಚ್ಚು ಬೆಲೆ ಕೊಡಿ. ಗುಲಾಬಿ ಬಣ್ಣದ ಹಾಲಿನಂತಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿದೆ. ಆಗ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿ.

ಕಂಪನಿ ಸರ್ವಿಸ್ ಸೆಂಟರ್

ಇಲ್ಲಿನ ಬಲ ಎರಡು. ಕೈಪಿಡಿಯಲ್ಲಿ ಬರೆದ ಆಯಿಲ್ಲೇ ಸಿಗುತ್ತದೆ. ಆಟೋಮ್ಯಾಟಿಕ್ ಆಯಿಲ್‌ನ ಉಷ್ಣಾಂಶ ಓದುವ ಸ್ಕ್ಯಾನರ್ ಮತ್ತು ಸಮತಟ್ಟಾದ ಲಿಫ್ಟ್ ಇರುತ್ತವೆ. ಸಿವಿಟಿಗೂ, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಎರಡು ಕ್ಲಚ್ಚಿನ ಡಿಎಸ್‌ಜಿ ಗಾಡಿಗಳಿಗೂ ಈ ಎರಡೂ ಇಲ್ಲದೆ ಕೆಲಸವಾಗದು, ಆದ್ದರಿಂದ ಅವಕ್ಕೆ ನಮ್ಮ ಮೊದಲ ಶಿಫಾರಸು ಇದೇ.

ಕೊರತೆಯೂ ಇದೆ. ಗಾಡಿ ಒಳಗೆ ಹೋದ ಮೇಲೆ ಹಳೆ ಆಯಿಲನ್ನು ಮಾಲೀಕರ ಕಣ್ಣಿಗೆ ತೋರಿಸುವುದು ಅಪರೂಪ, ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಏನು ಕೂತಿತ್ತು ಎಂದು ಹೇಳುವುದು ಇನ್ನೂ ಅಪರೂಪ. ಹಳೆ ಗಾಡಿಯ ಬಗ್ಗೆ ತಿಳಿಯಬೇಕಾದ್ದರಲ್ಲಿ ಅರ್ಧ ಆ ಮ್ಯಾಗ್ನೆಟ್ ಮೇಲೇ ಇರುತ್ತದೆ. ಹಾಗಾಗಿ ಜಾಬ್ ಕಾರ್ಡಿನಲ್ಲೇ ಮೂರು ಸಾಲು ಬರೆಸಿ: ಹಳೆ ಆಯಿಲ್ ತೋರಿಸಬೇಕು, ಎಷ್ಟು ಲೀಟರ್ ಇಳಿಯಿತು ಎಂದು ನಮೂದಿಸಬೇಕು, ಹೊಸ ವಾಷರ್ ಹಾಕಬೇಕು. ‘ಆಯಿಲ್ ಚೆಕ್ ಮಾಡಿ ಟಾಪ್ ಅಪ್ ಮಾಡಿದ್ದೇವೆ’ ಎಂದರೆ ಒಪ್ಪಬೇಡಿ. ಕೆಟ್ಟ ಆಯಿಲ್‌ಗೆ ನೂರು ಮಿಲಿ ಒಳ್ಳೆಯದು ಸೇರಿಸಿದರೆ ಕೆಟ್ಟದ್ದು ಕೆಟ್ಟದ್ದಾಗಿಯೇ ಉಳಿಯುತ್ತದೆ. ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಆ ಜಾಗವನ್ನು ಮೊದಲು ಹುಡುಕಿಸಬೇಕು.

ಖಾಸಗಿ ಗ್ಯಾರೇಜ್: ಇಳಿಸಿ ತುಂಬುವುದು

ಮ್ಯಾನುಯಲ್ ಕಾರಿಗೆ ಒಳ್ಳೆಯ ಖಾಸಗಿ ಗ್ಯಾರೇಜಿಗಿಂತ ಉತ್ತಮ ಜಾಗವಿಲ್ಲ. ಒಂದು ಗಂಟೆಯ ಕೆಲಸ, ಕಣ್ಣೆದುರೇ ಆಗುತ್ತದೆ, ಆಯಿಲ್ ನಾವೇ ತಂದುಕೊಡಬಹುದು. ಅಪಾಯ ಒಂದೇ: ಬ್ಯಾರಲ್‌ನಲ್ಲಿರುವ ‘90 ನಂಬರ್’ ದಪ್ಪ ಆಯಿಲ್. ಹಳೆಯ ಜೀಪು, ಟ್ರ್ಯಾಕ್ಟರು, ಲಾರಿಗಳ ಕಾಲದಿಂದ ಬಂದ ಅಭ್ಯಾಸದಲ್ಲಿ ಅದನ್ನೇ ಎಲ್ಲ ಗಾಡಿಗೂ ಸುರಿಯುವವರಿದ್ದಾರೆ.

ಇಲ್ಲಿ ಜಿಎಲ್-4, ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆಗಳ ವ್ಯತ್ಯಾಸ ತಿಳಿದಿರಲೇಬೇಕು. ಹಿಂದಿನ ಚಕ್ರ ತಿರುಗಿಸುವ ಬೊಲೆರೊ, ಇನ್ನೋವಾ, ಸುಮೋದಂಥ ಗಾಡಿಗಳ ಡಿಫರೆನ್ಷಿಯಲ್‌ನಲ್ಲಿ, ಅಂದರೆ ಗ್ಯಾರೇಜಿನ ಭಾಷೆಯಲ್ಲಿ ಹೌಸಿಂಗ್‌ನಲ್ಲಿ, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗುತ್ತವೆ. ಆ ಒತ್ತಡಕ್ಕೆ ಗಂಧಕ, ರಂಜಕದ ಅಂಶ ಹೆಚ್ಚಿರುವ ಜಿಎಲ್-5 ಬೇಕು. ಜಿಎಲ್-4ರಲ್ಲಿ ಆ ಅಂಶ ಸುಮಾರು ಅರ್ಧ. ಮ್ಯಾನುಯಲ್ ಗೇರ್ ಬಾಕ್ಸಿನ ಸಿಂಕ್ರೊ ರಿಂಗ್ ಹಲವು ಗಾಡಿಗಳಲ್ಲಿ ಹಿತ್ತಾಳೆಯದು. ಜಿಎಲ್-4 ಹೇಳಿದ ಕಡೆ ಜಿಎಲ್-5 ಹಾಕಿದರೆ ಎರಡು ತೊಂದರೆ: ಆ ಗಂಧಕ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನಬಹುದು, ಮತ್ತು ಸಿಂಕ್ರೊ ಹಿಡಿಯಬೇಕಾದಲ್ಲಿ ಜಾರುತ್ತದೆ. ಗೇರ್ ಕೆರೆಯುವ ಸದ್ದು ಅಲ್ಲಿಂದಲೇ ಶುರು.

ದಪ್ಪದ ವಿಷಯವೂ ಹಾಗೆಯೇ. ಇಂದಿನ ಸಣ್ಣ ಕಾರುಗಳು ಹೆಚ್ಚಾಗಿ ಕೇಳುವುದು 75ಡಬ್ಲ್ಯು-80ರಿಂದ 75ಡಬ್ಲ್ಯು-90ರವರೆಗಿನ ತೆಳು ಆಯಿಲ್. ಡಿಸೆಂಬರ್ ಬೆಳಗಿನ ಮಂಜಿನಲ್ಲಿ ‘90 ನಂಬರ್’ ಜೇನುತುಪ್ಪದಂತೆ ಎಳೆಯುತ್ತದೆ, ಎರಡನೇ ಗೇರ್ ಬೀಳಲು ತಕರಾರು ಮಾಡುತ್ತದೆ. ಬಂಕಿನಲ್ಲೇ ಸಿಗುವ ಸರ್ವೋ ಬ್ರ್ಯಾಂಡಿನಲ್ಲಿ ‘ಗೇರ್ ಸೂಪರ್’ ಜಿಎಲ್-4, ‘ಗೇರ್ ಎಚ್‌ಪಿ’ ಜಿಎಲ್-5. ಹೆಸರು ಕೇಳಿದರೆ ಎರಡನೆಯದೇ ಮೇಲೆನಿಸುತ್ತದೆ, ಆದರೆ ಅದು ಹೌಸಿಂಗ್‌ಗೆ. ಯಾವ ಬ್ರ್ಯಾಂಡ್ ಕೊಂಡರೂ ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ, ಅದು ಕೈಪಿಡಿಗೆ ಹೊಂದಿದರೆ ಸಾಕು. ಖಾಲಿ ಡಬ್ಬವನ್ನು ಚುಚ್ಚಿಯೇ ಎಸೆಯಿರಿ, ಇಲ್ಲದಿದ್ದರೆ ಅದರಲ್ಲೇ ನಕಲಿ ಆಯಿಲ್ ತುಂಬಿ ಮರಳಿ ಬರುವುದುಂಟು.

ಕೆಲಸ ನಡೆಯಬೇಕಾದ ಕ್ರಮ ಹೀಗೆ. ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ ತನ್ನಿ, ಬಿಸಿ ಆಯಿಲ್ ತಳದ ಕೊಳೆಯನ್ನೂ ಎತ್ತಿಕೊಂಡು ಬರುತ್ತದೆ. ಲಿಫ್ಟ್ ಅಥವಾ ಪಿಟ್ ಮೇಲೆ ಗಾಡಿ ಸಮತಟ್ಟಾಗಿರಬೇಕು. ಮುಂದಿನ ಚಕ್ರ ಮಾತ್ರ ಜಾಕಿಯಲ್ಲಿ ಎತ್ತಿದರೆ ಮಟ್ಟ ತಪ್ಪು ಬರುತ್ತದೆ. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಬೋಲ್ಟ್. ಹತ್ತು ವರ್ಷ ಯಾರೂ ಮುಟ್ಟದ ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡಿರುವುದುಂಟು. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲೆಲ್ಲ ಇಳಿಸಿ, ಆಮೇಲೆ ಮೇಲಿನದು ಬಿಚ್ಚಲು ಬಾರದಿದ್ದರೆ ಗಾಡಿ ಅಲ್ಲೇ ಬಿದ್ದುಕೊಳ್ಳುತ್ತದೆ.

ಇಳಿದ ಆಯಿಲನ್ನು ಅಳತೆ ಗುರುತಿರುವ ಡಬ್ಬಕ್ಕೆ ಹಿಡಿಸಿ. ಸಣ್ಣ ಕಾರಿನಲ್ಲಿ 2ರಿಂದ 2.5 ಲೀಟರ್ ಬರಬೇಕು, ನಿಖರ ಅಳತೆ ಕೈಪಿಡಿಯಲ್ಲಿದೆ. ಒಂದೂವರೆ ಲೀಟರ್ ಮಾತ್ರ ಬಂದರೆ ಡ್ರೈವ್ ಶಾಫ್ಟಿನ ಆಯಿಲ್ ಸೀಲ್‌ಗಳನ್ನೂ ಕ್ಲಚ್ ಹೌಸಿಂಗ್ ಕೆಳಗಿನ ಒದ್ದೆಯನ್ನೂ ನೋಡಿಸಿ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಅದು ಸಹಜ ಸವೆತ, ಒರೆಸಿ ಹಾಕಿದರಾಯಿತು. ಉಗುರಿಗೆ ಸಿಗುವ ಚೂರು, ಸೂಜಿಯಂಥ ತುಣುಕು ಬಂದರೆ ಬೇರಿಂಗ್ ಅಥವಾ ಹಲ್ಲು ಮುರಿಯುತ್ತಿದೆ. ಆಯಿಲ್‌ನಲ್ಲಿ ಬಂಗಾರದ ಪುಡಿ ಮಿನುಗಿದರೆ ಅದು ಹಿತ್ತಾಳೆ, ಸಿಂಕ್ರೊ ಸವೆಯುತ್ತಿದೆ. ಮ್ಯಾಗ್ನೆಟ್ಟಿಗೆ ಹಿತ್ತಾಳೆ ಅಂಟುವುದಿಲ್ಲ, ಆದ್ದರಿಂದ ಅದನ್ನು ಬಿಸಿಲಿನಲ್ಲಿ ಆಯಿಲ್‌ನಲ್ಲೇ ನೋಡಬೇಕು.

ಹಳೆ ವಾಷರನ್ನು ಮತ್ತೆ ಹಾಕಲು ಬಿಡಬೇಡಿ. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿಕೊಂಡ ಮೇಲೆ ಅದರ ಕೆಲಸ ಮುಗಿಯಿತು. ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಅಳತೆಗೆ ಬಿಗಿಯಬೇಕು. ಪೈಪ್ ಸಿಕ್ಕಿಸಿ ಬಲ ಹಾಕಿದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಬಿಡುತ್ತದೆ, ಎರಡು ಸಾವಿರದೊಳಗೆ ಮುಗಿಯುವ ಕೆಲಸ ಲೇತ್ ಅಂಗಡಿಯವರೆಗೆ ಹೋಗುತ್ತದೆ. ಹೊಸ ಆಯಿಲನ್ನು ಫಿಲ್ಲರ್ ತೂತಿನ ಅಂಚಿನಿಂದ ತೆಳುವಾಗಿ ಹೊರಬರುವ ತನಕ ತುಂಬಿ, ಅದು ನಿಂತ ಮೇಲೆ ಬೋಲ್ಟ್ ಹಾಕುವುದು. ‘ಇರಲಿ ಇನ್ನರ್ಧ ಲೀಟರ್’ ಎಂಬ ಔದಾರ್ಯ ಬೇಡ. ಹೆಚ್ಚಾದರೆ ಗೇರುಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಯಲ್ಲಿ ಗಾಳಿಯಿರುತ್ತದೆ, ಗಾಳಿ ಬೇರಿಂಗನ್ನು ಕಾಪಾಡುವುದಿಲ್ಲ.

ಹೌಸಿಂಗ್ ಇರುವ ಗಾಡಿಯವರು ಎರಡೂ ಕಡೆ ಬದಲಿಸಬೇಕು. ಜಿಪ್ಸಿ, ಥಾರ್‌ನಂಥ ನಾಲ್ಕು ಚಕ್ರದ ಎಳೆತದ ಗಾಡಿಗಳಲ್ಲಿ ಆಯಿಲ್ ಇರುವುದು ನಾಲ್ಕು ಕಡೆ: ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್. ಹಳ್ಳ ದಾಟುವ ಗಾಡಿಗಳಲ್ಲಿ ಮುಂದಿನದ್ದನ್ನು ಬಿಟ್ಟೇಬಿಡುತ್ತಾರೆ, ಆದರೆ ನೀರಿಗೆ ಮೊದಲು ಇಳಿಯುವುದು ಅದೇ.

ಎಎಂಟಿ, ಅಂದರೆ ಕ್ಲಚ್ ಮತ್ತು ಗೇರ್ ತಾನಾಗಿಯೇ ಬದಲಾಗುವ ಮ್ಯಾನುಯಲ್ ಕಾರಿನವರಿಗೆ ಒಂದು ಎಚ್ಚರಿಕೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಭಾರತಕ್ಕೆ ಬಂದ ಈ ತಂತ್ರದಲ್ಲಿ ಒಳಗಿರುವುದು ಮ್ಯಾನುಯಲ್ ಗೇರ್ ಬಾಕ್ಸೇ. ಅದಕ್ಕೆ ಗೇರ್ ಆಯಿಲ್. ಎಜಿಎಸ್ ಎಂಬ ಹೆಸರಿನ ಮಾರುತಿಯ ಎಎಂಟಿಯಲ್ಲಿ ಕ್ಲಚ್ ಒತ್ತಿ ಗೇರ್ ಬದಲಿಸುವ ಹೈಡ್ರಾಲಿಕ್ ಘಟಕಕ್ಕೆ ಬೇರೆಯದೇ ದ್ರವ. ಎರಡನ್ನು ಅದಲುಬದಲು ಮಾಡಿದರೆ ಆ ಘಟಕವೇ ಹೋದೀತು. ಘಟ್ಟದ ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರ್‌ನಲ್ಲೇ ಗಾಡಿ ತಡೆದು ನಿಲ್ಲಿಸಿದಾಗ ಬರುವ ಸುಟ್ಟ ವಾಸನೆ ಕ್ಲಚ್ಚಿನದು, ಅದಕ್ಕೆ ಆಯಿಲ್ ಬದಲಾವಣೆ ಮದ್ದಲ್ಲ.

ಆಟೋಮ್ಯಾಟಿಕ್‌ಗೆ ಇಳಿಸಿ ತುಂಬುವ ಕೆಲಸದ ಲೆಕ್ಕ ಬೇರೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಪೂರ್ತಿ ಆಯಿಲ್ ಬರುವುದಿಲ್ಲ, ಕನ್ವರ್ಟರ್ ಮತ್ತು ಕೂಲರ್ ಪೈಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದುಬಿಡುತ್ತದೆ. ಒಟ್ಟು 7 ಲೀಟರ್ ಹಿಡಿಯುವ ಗೇರ್ ಬಾಕ್ಸಿನಿಂದ 3 ಲೀಟರ್ ಇಳಿಯಿತು ಎಂದುಕೊಳ್ಳಿ. ಮೊದಲ ಸಲದ ನಂತರ ಹಳೆಯದು ಶೇಕಡಾ 57 ಉಳಿಯುತ್ತದೆ. ಎರಡನೇ ಸಲಕ್ಕೆ 33, ಮೂರನೇ ಸಲಕ್ಕೆ 19. ಒಟ್ಟು 9 ಲೀಟರ್ ಆಯಿಲ್ ಖರ್ಚು. ಪ್ರತಿ ಕಂತಿನ ನಡುವೆ ಸಾವಿರ, ಒಂದೂವರೆ ಸಾವಿರ ಕಿಲೋಮೀಟರ್ ಓಡಿಸಿ. ಒಳಗಿನ ಕೊಳೆ ಒಮ್ಮೆಲೇ ಕಿತ್ತುಬರದೆ ನಿಧಾನಕ್ಕೆ ಕರಗಿ ಹೋಗುತ್ತದೆ. ಲಕ್ಷ ದಾಟಿದ, ದಾಖಲೆ ಇಲ್ಲದ ಗಾಡಿಗೆ ಈ ಕಂತಿನ ಕ್ರಮವನ್ನೇ ನಾವು ಒತ್ತಿ ಹೇಳುವುದು. ಮೊದಲ ಕಂತಿನ ನಂತರ ಗಾಡಿ ಜಾರತೊಡಗಿದರೆ ಅಲ್ಲಿಗೇ ನಿಲ್ಲಿಸಬಹುದು, ಉಳಿದ ಆರು ಲೀಟರ್‌ನ ಹಣವಾದರೂ ಉಳಿಯುತ್ತದೆ. ತಳದ ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಿಸಲು ಬರುವ ಗೇರ್ ಬಾಕ್ಸಾದರೆ ಆ ಕೆಲಸ ಮೊದಲ ಕಂತಿನಲ್ಲೇ ಆಗಲಿ, ಗ್ಯಾಸ್ಕೆಟ್ ಹೊಸದಿರಲಿ.

ಹಲವು ಖಾಸಗಿ ಗ್ಯಾರೇಜುಗಳು ಎಡವುವುದು ಮಟ್ಟ ನೋಡುವಲ್ಲಿ. ಡಿಪ್‌ಸ್ಟಿಕ್ ಇಲ್ಲದ ಗೇರ್ ಬಾಕ್ಸಿನಲ್ಲಿ ಎಂಜಿನ್ ಓಡುತ್ತಿರುವಾಗ, ಆಯಿಲ್ ನಿಗದಿತ ಉಷ್ಣಾಂಶದಲ್ಲಿದ್ದಾಗ ಚೆಕ್ ಬೋಲ್ಟ್ ಬಿಚ್ಚಿ ಹನಿ ಬರುವುದನ್ನು ನೋಡಬೇಕು. ಟೊಯೋಟಾದ ಹಲವು ಗೇರ್ ಬಾಕ್ಸಿಗೆ ಅದು 35–45 ಡಿಗ್ರಿ, ಹ್ಯುಂಡೈನ ಆರು ಗೇರಿನದಕ್ಕೆ 50–60 ಡಿಗ್ರಿ. ಡಿಪ್‌ಸ್ಟಿಕ್ ಇರುವ ಹಳೆಯ ಹೋಂಡಾದಲ್ಲಿ ಉಲ್ಟಾ: ಗಾಡಿ ಕಾಯಿಸಿ ಎಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಆಯಿಲ್ ನಿಗದಿಗಿಂತ ಹೆಚ್ಚು ಕಾದು ಹಿಗ್ಗಿರುವಾಗ ಮಟ್ಟ ನೋಡಿ ಆಯಿಲ್ ಕಡಿಮೆ ಬಿಟ್ಟರೆ ಬಯಲಿನಲ್ಲಿ ಏನೂ ಗೊತ್ತಾಗದು. ಹೇರ್‌ಪಿನ್ ತಿರುವಿನಲ್ಲಿ ಗಾಡಿ ವಾಲಿ ಮೂತಿ ಮೇಲಕ್ಕೆತ್ತಿದಾಗ ಪಂಪ್ ಗಾಳಿ ಎಳೆಯುತ್ತದೆ, ಗಾಡಿ ಜಾರುತ್ತದೆ. ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಆಟೋಮ್ಯಾಟಿಕ್ ಕೊಡಬೇಡಿ ಎಂದು ಹೇಳುವುದು ಇದಕ್ಕೇ.

ಆಯಿಲ್ ಆಯ್ಕೆಯಲ್ಲಿ ಎಟಿಎಫ್ ಎಲ್ಲ ಒಂದೇ ಅಲ್ಲ. ಹ್ಯುಂಡೈನ ಹಳೆ ನಾಲ್ಕು ಗೇರಿನದಕ್ಕೆ ಎಸ್‌ಪಿ-3, ಆರು ಗೇರಿನದಕ್ಕೆ ಎಸ್‌ಪಿ-4, ಟೊಯೋಟಾಗೆ ಡಬ್ಲ್ಯುಎಸ್, ಹೋಂಡಾಗೆ ಡಿಡಬ್ಲ್ಯು-1. ಹಲವು ಮಾನದಂಡಕ್ಕೆ ಹೊಂದುತ್ತದೆ ಎನ್ನುವ ಮಲ್ಟಿ ಎಟಿಎಫ್‌ಗಳಲ್ಲಿ ವ್ಯಾಲ್ವೊಲಿನ್ ಮ್ಯಾಕ್ಸ್‌ಲೈಫ್, ಮೋಟುಲ್ ಮಲ್ಟಿ ಎಟಿಎಫ್ ಸಿಂಥೆಟಿಕ್. ಕೈಪಿಡಿಯ ಹೆಸರು ಡಬ್ಬದ ಪಟ್ಟಿಯಲ್ಲಿದ್ದರೆ ಬಳಸಬಹುದು. ಸಿವಿಟಿಗೆ ಮಾತ್ರ ಈ ಸಡಿಲಿಕೆ ಬೇಡ. ಅಲ್ಲಿ ಉಕ್ಕಿನ ಬೆಲ್ಟ್ ಉಕ್ಕಿನ ಪುಲ್ಲಿಯನ್ನು ಹಿಡಿದೇ ಗಾಡಿ ಎಳೆಯುವುದು, ಆ ಹಿಡಿತ ಆಯಿಲ್‌ನ ಗುಣದಿಂದಲೇ ಬರುವುದು. ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಯ ಮೈ ಗೀರುತ್ತದೆ, ಆಮೇಲೆ ಸರಿಯಾದ ಆಯಿಲ್ ಹಾಕಿದರೂ ಗೀರು ಹೋಗದು. ಹೋಂಡಾಗೆ ಎಚ್‌ಸಿಎಫ್-2, ನಿಸಾನ್‌ಗೆ ಎನ್‌ಎಸ್-3, ಹೀಗೆ ಅವರವರದ್ದೇ. ಡಿಎಸ್‌ಜಿಯಲ್ಲಿ ಆಯಿಲ್‌ನಲ್ಲೇ ಮುಳುಗಿದ ಕ್ಲಚ್ಚಿನ ಆರು ಗೇರಿನದಕ್ಕೆ ಕಂಪನಿಯೇ 60 ಸಾವಿರಕ್ಕೆ ಆಯಿಲ್ ಮತ್ತು ಫಿಲ್ಟರ್ ಹೇಳಿದೆ. ಒಣ ಕ್ಲಚ್ಚಿನ ಏಳು ಗೇರಿನದು ಬೇರೆ ವ್ಯವಸ್ಥೆ, ಒಂದರ ಆಯಿಲ್ ಇನ್ನೊಂದಕ್ಕೆ ನಡೆಯದು.

ಮೆಷಿನ್ ಫ್ಲಶ್

ಕೂಲರ್ ಪೈಪಿಗೆ ಮೆಷಿನ್ ಜೋಡಿಸಿ, 10–12 ಲೀಟರ್ ಹೊಸ ಆಯಿಲ್ ಹಾಕುತ್ತ ಹಳೆಯದನ್ನು ಪೂರ್ತಿ ಹೊರಹಾಕುವ ವಿಧಾನ. ನೋಡಲು ಚೆಂದ, ಗಾಜಿನ ಕೊಳವೆಯಲ್ಲಿ ಕಪ್ಪು ಕೆಂಪಾಗುವುದು ಕಾಣುತ್ತದೆ. ಪ್ರತಿ 40 ಸಾವಿರಕ್ಕೆ ತಪ್ಪದೆ ಆಯಿಲ್ ಬದಲಿಸಿಕೊಂಡು ಬಂದ ಗಾಡಿಗೆ, ಗೇರ್ ಬಾಕ್ಸಿನ ಪಂಪಿನ ಒತ್ತಡದಲ್ಲೇ ಆಯಿಲ್ ಅದಲುಬದಲಾಗುವ ಮೆಷಿನ್ ಆದರೆ ಅಡ್ಡಿಯಿಲ್ಲ. ತೊಳೆಯುವ ಕೆಮಿಕಲ್ ಸೇರಿಸುವ ಅಥವಾ ಒತ್ತಡ ಕೊಟ್ಟು ಹಿಮ್ಮುಖವಾಗಿ ತಳ್ಳುವ ಬಗೆಯನ್ನು ಹೆಚ್ಚು ಓಡಿದ ಗಾಡಿಗೆ ಯಾವ ಕಾರಣಕ್ಕೂ ಒಪ್ಪಬೇಡಿ. ಹತ್ತು ವರ್ಷದ ಕೊಳೆಯನ್ನು ಅರ್ಧ ಗಂಟೆಯಲ್ಲಿ ಕೀಳಿಸಿದರೆ ಅದು ಹೋಗಿ ಕೂರುವುದು ವಾಲ್ವ್ ಬಾಡಿಯಲ್ಲಿ. ವಾಲ್ವ್ ಬಾಡಿ, ಕ್ಲಚ್ ಪ್ಯಾಕ್ ಬಿಚ್ಚುವ ಕೆಲಸ ಲಕ್ಷದ ಲೆಕ್ಕದಲ್ಲಿ ಮಾತಾಡುವಂಥದ್ದು. ಫ್ಲಶ್ ಮಾಡುವವರು ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಿಸುತ್ತಾರೆಯೇ ಎಂದೂ ಕೇಳಿ. ಕಟ್ಟಿಕೊಂಡ ಫಿಲ್ಟರ್ ಒಳಗೇ ಉಳಿದರೆ ಹನ್ನೆರಡು ಲೀಟರ್ ಆಯಿಲ್ ಸುಮ್ಮನೆ ಹೋದಂತೆ.

ಸೋರಿಕೆ ನಿಲ್ಲಿಸುವ, ಜಾರುವುದನ್ನು ಸರಿಪಡಿಸುವ ಪುಟ್ಟ ಬಾಟಲಿಗಳನ್ನು ಕೌಂಟರಿನಲ್ಲಿ ಕೊಟ್ಟರೆ ಮರಳಿಸಿ. ರಬ್ಬರ್ ಸೀಲನ್ನು ಉಬ್ಬಿಸಿ ಕೆಲವು ತಿಂಗಳು ಸೋರಿಕೆ ನಿಲ್ಲಿಸಿಯಾವು, ಆಮೇಲೆ ಸೀಲ್ ಇನ್ನೂ ಮೆತ್ತಗಾಗುತ್ತದೆ. ಹೊಸ ಸೀಲಿನ ಬೆಲೆ ಆ ಬಾಟಲಿಗಿಂತ ಹೆಚ್ಚೇನಲ್ಲ.

ಕೆಲಸಕ್ಕೆ ಒಳ್ಳೆಯ ತಿಂಗಳು ಮೇ ಅಥವಾ ಅಕ್ಟೋಬರ್. ಮುಂಗಾರಿಗೆ ಮೊದಲು ಸೀಲು, ಬ್ರೀದರ್ ನೋಡಿಸಿಕೊಂಡಂತಾಗುತ್ತದೆ. ಮಳೆ ಮುಗಿದ ಮೇಲಾದರೆ ಒಳಗೆ ಸೇರಿದ ನೀರು ಹೊರಗೆ ಹೋಗುತ್ತದೆ, ಅಡಿಕೆ ಕೊಯ್ಲಿನ ಭಾರದ ಓಡಾಟಕ್ಕೆ ಗಾಡಿ ಸಿದ್ಧವಾಗಿರುತ್ತದೆ. ವರ್ಷದಲ್ಲಿ ಹಲವು ಸಲ ನೀರಿಗಿಳಿಯುವ ಗಾಡಿಯಾದರೆ ಅಕ್ಟೋಬರನ್ನೇ ಆರಿಸಿ.

ಇಳಿದ ಹಳೆ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಬಾರದಿರಲೆಂದು ಮನೆಗೆ ಒಯ್ಯುವ ರೂಢಿ ನಮ್ಮ ಕಡೆ ಇದೆ. ಬಾವಿ, ಹಳ್ಳ, ತೋಟದ ಕಪ್ಪಿನ (ಬಸಿಗಾಲುವೆಯ) ಹತ್ತಿರ ಅದನ್ನು ಬಳಿಯಬೇಡಿ, ಮೊದಲ ಮಳೆಗೇ ನೀರಿಗಿಳಿಯುತ್ತದೆ. ಗ್ಯಾರೇಜಿನ ಬ್ಯಾರಲ್‌ಗೇ ಬಿಟ್ಟು ಬನ್ನಿ, ಹಳೆ ಆಯಿಲ್ ಕೊಳ್ಳುವವರು ಅಲ್ಲಿಂದ ಒಯ್ಯುತ್ತಾರೆ.

ಕೆಲಸ ಮುಗಿದ ಸಂಜೆ ಗಾಡಿ ನಿಲ್ಲಿಸುವ ಜಾಗದಲ್ಲಿ ಗೇರ್ ಬಾಕ್ಸಿನ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ವಾಷರ್ ಕೂತಿದೆ. ಇನ್ನೂರು ಕಿಲೋಮೀಟರ್ ಆದ ಮೇಲೆ, ಒಂದು ಘಟ್ಟ ಹತ್ತಿ ಇಳಿದ ನಂತರ ಇನ್ನೊಮ್ಮೆ ನೋಡಿ. ತಾರೀಖು, ಮೀಟರ್ ಅಂಕಿ, ಹಾಕಿದ ಆಯಿಲ್‌ನ ಹೆಸರು, ಎಷ್ಟು ಲೀಟರ್ ಎಂಬುದನ್ನು ಬರೆದು ಬಾನೆಟ್ ಒಳಗೆ ಅಂಟಿಸಿಡಿ.